ಪೆರುವಿನ ಎಲ್ ನಿನೊ ಬೇರೆ, ನಮ್ಮ ಮುಂಗಾರಿನ ಎಲ್ ನಿನೊ ಬೇರೆ

ಎಲ್ ನಿನೊ, ಅಂದರೆ ಪೆಸಿಫಿಕ್ ಕಡಲು ಮಾಮೂಲಿಗಿಂತ ಬಿಸಿಯಾಗುವ ವಿದ್ಯಮಾನ, ಶುರುವಾಗಿದೆ ಎಂದು ಪೆರು ದೇಶದ ಸರ್ಕಾರಿ ಸಮಿತಿ ಪ್ರಕಟಿಸುತ್ತದೆ. ಅದೇ ಹೊತ್ತಿಗೆ ಪೆಸಿಫಿಕ್ ಸಾಗರ ತಟಸ್ಥವಾಗಿದೆ ಎಂದು ಅಮೆರಿಕದ ಸಾಗರ ಮತ್ತು ಹವಾಮಾನ ಸಂಸ್ಥೆ ನೋವಾ ಹೇಳುತ್ತದೆ. ಎರಡನ್ನೂ ಓದಿದವರಿಗೆ ತಲೆ ಕೆಡುವುದು ಸಹಜ. 2023ರಲ್ಲಿ ಹೀಗೇ ಆಯಿತು: ಪೆರುವಿನ ಎಚ್ಚರಿಕೆ ಬಂದದ್ದು ಮಾರ್ಚ್‌ನಲ್ಲಿ, ನೋವಾ ಘೋಷಣೆ ಬಂದದ್ದು ಜೂನ್ 8ಕ್ಕೆ. 2017ರಲ್ಲಂತೂ ಪೆರುವಿನ ಉತ್ತರ ಕರಾವಳಿ ನೀರಿನಲ್ಲಿ ಮುಳುಗಿದ್ದಾಗಲೂ ನೋವಾ ಎಲ್ ನಿನೊ ಘೋಷಿಸಲೇ ಇಲ್ಲ.

ನಮ್ಮ ಟಿ.ವಿ. ಪಟ್ಟಿಯಲ್ಲಿ ಈ ಎರಡೂ ಸುದ್ದಿಗಳು ಒಂದೇ ಸಾಲಾಗಿ ಓಡುತ್ತವೆ: ‘ಎಲ್ ನಿನೊ ಬಂತು, ಈ ಸಲ ಮುಂಗಾರು ಕೈಕೊಡಲಿದೆ.’ ಹಾಗೆ ಓದುವುದು ತಪ್ಪು. ಎರಡೂ ಸಂಸ್ಥೆಗಳು ತಮ್ಮ ತಮ್ಮ ಲೆಕ್ಕದಲ್ಲಿ ಸರಿಯಾಗಿಯೇ ಇವೆ. ಅವು ಅಳೆಯುತ್ತಿರುವ ಸಮುದ್ರವೇ ಬೇರೆ ಬೇರೆ. ಪೆರುವಿಗೆ ತನ್ನದೇ ಆದ ಅಳತೆಗೋಲು ಯಾಕೆ ಬೇಕಾಯಿತು ಎಂದು ತಿಳಿಯಬೇಕಾದರೆ ಆ ದೇಶದ ನೆಲದ ರಚನೆಯಿಂದಲೇ ಶುರುಮಾಡಬೇಕು.

ಅಷ್ಟೇ ಅಕ್ಷಾಂಶ, ತದ್ವಿರುದ್ಧ ಕರಾವಳಿ

ಮಂಗಳೂರು ಸಮಭಾಜಕ ವೃತ್ತದಿಂದ ಉತ್ತರಕ್ಕೆ ಸುಮಾರು 13 ಡಿಗ್ರಿ. ಪೆರುವಿನ ರಾಜಧಾನಿ ಲೀಮಾ ದಕ್ಷಿಣಕ್ಕೆ 12 ಡಿಗ್ರಿ. ಎರಡೂ ಊರುಗಳಿಗೆ ಪಡುವಣದಲ್ಲಿ ಕಡಲು, ಬೆನ್ನಿಗೆ ಬೆಟ್ಟಸಾಲು. ನಕ್ಷೆಯಲ್ಲಿ ನೋಡಿದರೆ ಅಣ್ಣತಮ್ಮಂದಿರಂತೆ ಕಾಣಬೇಕು. ಆದರೆ ಮಂಗಳೂರಿನ ವಾರ್ಷಿಕ ಮಳೆ ಮೂರೂವರೆ ಸಾವಿರ ಮಿ.ಮೀ. ದಾಟುತ್ತದೆ, ಲೀಮಾದ್ದು ಸುಮಾರು 10 ಮಿ.ಮೀ. ನಮ್ಮಲ್ಲಿ ಆಷಾಢದ ಒಂದು ಜಡಿಮಳೆ ಕಾಲು ಗಂಟೆಯಲ್ಲಿ ಸುರಿಸುವ ನೀರು ಅಲ್ಲಿ ಇಡೀ ವರ್ಷದ ಪಾಲು. ಆ ಪಾಲಿನಲ್ಲಿ ಸುಮಾರು ಒಂದು ಕೋಟಿ ಜನರ ನಗರ ನಿಂತಿದೆ.

ಪೆರುವಿನ ನೆಲ ಮೂರು ಪಟ್ಟಿಗಳಾಗಿ ಹರಡಿದೆ. ಪಡುವಣದಲ್ಲಿ ಸುಮಾರು 2,400 ಕಿ.ಮೀ. ಉದ್ದದ ಕಿರಿದಾದ ಮರುಭೂಮಿ ಕರಾವಳಿ, ನಡುವೆ ಆಂಡಿಸ್ ಪರ್ವತಗಳ ‘ಸಿಯೆರ್ರಾ’, ಮೂಡಣದಲ್ಲಿ ಅಮೆಜಾನ್ ಕಾಡಿನ ‘ಸೆಲ್ವಾ’. ಕರಾವಳಿಯ ಪಾಲು ದೇಶದ ನೆಲದಲ್ಲಿ ಎಂಟರಲ್ಲೊಂದರಷ್ಟೂ ಇಲ್ಲ, ಆದರೆ ಅರ್ಧಕ್ಕಿಂತ ಹೆಚ್ಚು ಜನ ಇರುವುದು ಅಲ್ಲೇ. ನೀರಿನ ಹಂಚಿಕೆ ಪೂರ್ತಿ ತಲೆಕೆಳಗು: ದೇಶದ ಸಿಹಿನೀರಿನಲ್ಲಿ ಪೆಸಿಫಿಕ್ ಕಡೆಗೆ ಹರಿಯುವುದು ಶೇ 2ರ ಆಸುಪಾಸು ಮಾತ್ರ. ಉಳಿದದ್ದು ಹೆಚ್ಚುಕಡಿಮೆ ಎಲ್ಲವೂ ಅಮೆಜಾನ್ ಸೇರಿ ಅಟ್ಲಾಂಟಿಕ್‌ಗೆ ಹೋಗುತ್ತದೆ.

ನಡುವೆ ಗೋಡೆಯಂತೆ ನಿಂತ ಆಂಡಿಸ್ ಎದ್ದದ್ದು ಕಡಲ ತಳದ ಒತ್ತಡದಿಂದ. ನಾಜ್ಕಾ ಎಂಬ ಸಾಗರ ಫಲಕ ವರ್ಷಕ್ಕೆ 6ರಿಂದ 7 ಸೆಂ.ಮೀ. ವೇಗದಲ್ಲಿ ದಕ್ಷಿಣ ಅಮೆರಿಕದ ಫಲಕದ ಅಡಿಗೆ ನುಗ್ಗುತ್ತಿದೆ. ಆ ಒತ್ತಡಕ್ಕೆ ಮೇಲೆದ್ದ ಆಂಡಿಸ್ ಕಡಲಿಗೆ ತೀರಾ ಹತ್ತಿರ. ದೇಶದ ಅತಿ ಎತ್ತರದ ಹುವಾಸ್ಕರಾನ್ ಶಿಖರ 6,700 ಮೀಟರಿಗೂ ಎತ್ತರ. ಅಲ್ಲಿಂದ ಪೆಸಿಫಿಕ್ ದಂಡೆಗೆ ನೇರ ದೂರ ನೂರು ಕಿ.ಮೀ. ಸುತ್ತಮುತ್ತ. ಲೀಮಾದಿಂದ ಹೊರಟ ಹೆದ್ದಾರಿ 130 ಕಿ.ಮೀ. ಆಗುವಷ್ಟರಲ್ಲಿ 4,800 ಮೀಟರ್ ಎತ್ತರದ ತಿಕ್ಲಿಯೊ ಕಣಿವೆದಾರಿ ಮುಟ್ಟುತ್ತದೆ. ನಮ್ಮ ಮುಳ್ಳಯ್ಯನಗಿರಿ ಎರಡು ಸಾವಿರ ಮೀಟರನ್ನೂ ದಾಟುವುದಿಲ್ಲ ಎನ್ನುವುದನ್ನು ಪಕ್ಕದಲ್ಲಿಟ್ಟು ನೋಡಿದರೆ ಆ ಇಳಿಜಾರಿನ ಕಡಿದುತನ ಅಂದಾಜಿಗೆ ಸಿಗುತ್ತದೆ.

ಪಶ್ಚಿಮ ಘಟ್ಟಕ್ಕೆ ಮಳೆ ಕಡಲ ಕಡೆಯಿಂದ ಬರುತ್ತದೆ, ಮಳೆನೆರಳು ಒಳನಾಡಿಗೆ ಬೀಳುತ್ತದೆ. ಚಿತ್ರದುರ್ಗ, ಚಳ್ಳಕೆರೆ ಒಣಗಿರುವುದು ಅದಕ್ಕೇ. ಆಂಡಿಸ್‌ನಲ್ಲಿ ಮಳೆಗಾಳಿ ಬರುವುದು ಹಿಂಬದಿಯಿಂದ, ಅಮೆಜಾನ್ ಕಡೆಯಿಂದ. ಹಾಗಾಗಿ ಮಳೆನೆರಳು ಬೀಳುವುದು ಕರಾವಳಿಯ ಮೇಲೆ. ಇದು ಒಂದು ಕಾರಣ. ಆದರೆ ಎದುರಿಗೇ ಅಷ್ಟು ದೊಡ್ಡ ಸಾಗರ ಇದ್ದೂ ಮಳೆ ಯಾಕಿಲ್ಲ ಎಂಬ ಪ್ರಶ್ನೆಗೆ ಇದಿಷ್ಟೇ ಉತ್ತರ ಸಾಲದು.

ತಣ್ಣೀರಿನ ಮುಚ್ಚಳ

ಪೆರು ಕರಾವಳಿಗುಂಟ ವರ್ಷವಿಡೀ ದಕ್ಷಿಣದಿಂದ ಉತ್ತರಕ್ಕೆ ಗಾಳಿ ಬೀಸುತ್ತದೆ. ಗಾಳಿ ತಳ್ಳಿದ ಮೇಲ್ಪದರದ ನೀರು, ಭೂಮಿ ತಿರುಗುವ ಕಾರಣದಿಂದ, ದಕ್ಷಿಣಾರ್ಧಗೋಳದಲ್ಲಿ ಗಾಳಿಯ ಎಡಕ್ಕೆ ಸರಿಯುತ್ತದೆ. ಇಲ್ಲಿ ಎಡ ಎಂದರೆ ಪಡುವಣ, ಅಂದರೆ ದಡದಿಂದ ಆಚೆ. ಸರಿದು ಹೋದ ನೀರಿನ ಜಾಗ ತುಂಬಲು ಆಳದಿಂದ ತಣ್ಣೀರು ಮೇಲೇಳುತ್ತದೆ. ದಕ್ಷಿಣದಿಂದ ಬರುವ ಹಂಬೋಲ್ಟ್ ಶೀತಪ್ರವಾಹವೂ ಇದಕ್ಕೆ ಕೂಡಿಕೊಂಡು ಲೀಮಾದೆದುರಿನ ಕಡಲು ಬಹುಪಾಲು ತಿಂಗಳು 16ರಿಂದ 20 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರುತ್ತದೆ. ಮುಂಗಾರಿಗೆ ಮುಂಚೆ ಮಂಗಳೂರಿನೆದುರಿನ ಅರಬ್ಬಿ ಸಮುದ್ರ 29–30 ಡಿಗ್ರಿ ಇರುತ್ತದೆ.

ತಣ್ಣನೆಯ ನೀರಿನ ಮೇಲಿನ ಗಾಳಿಯೂ ತಣ್ಣಗೆ, ಭಾರವಾಗಿ ಕೆಳಗೇ ಕೂರುತ್ತದೆ. ಅದರ ಮೇಲೆ ಬೆಚ್ಚಗಿನ ಒಣಗಾಳಿಯ ಪದರ. ಮಾಮೂಲಿನಲ್ಲಿ ಮೇಲೆ ಹೋದಂತೆ ಗಾಳಿ ತಣ್ಣಗಾಗಬೇಕು, ಇಲ್ಲಿ ಉಲ್ಟಾ. ಪಾತ್ರೆಗೆ ಮುಚ್ಚಳ ಹಾಕಿದಂತೆ. ಮೋಡಗಳು ಆ ಮುಚ್ಚಳದಡಿ ಕೆಲವೇ ನೂರು ಮೀಟರ್ ದಪ್ಪದ ಹೊದಿಕೆಯಾಗಿ ಹರಡಿಕೊಳ್ಳುತ್ತವೆ, ಮೇಲೇರಿ ಮಳೆಮೋಡ ಆಗುವುದಿಲ್ಲ. ಜೂನ್‌ನಿಂದ ಅಕ್ಟೋಬರ್‌ವರೆಗೆ ಲೀಮಾದ ಆಕಾಶ ಬೂದಿಬಣ್ಣ, ಗಾಳಿಯ ತೇವಾಂಶ ಶೇ 80ರ ಮೇಲೆ, ಹಗ್ಗಕ್ಕೆ ಹಾಕಿದ ಬಟ್ಟೆ ಒಣಗುವುದಿಲ್ಲ. ಆದರೂ ಬೀಳುವುದು ‘ಗರೂವ’ ಎಂದು ಕರೆಯುವ ಸೋನೆ ಮಾತ್ರ. ನೆಲ ಒದ್ದೆಯಾಗಿ ಮುಗಿಯುತ್ತದೆ. ಲೀಮಾದ ಅಂಚಿನ ಗುಡ್ಡಗಳ ಮೇಲೆ ಜನ ಕಂಬಗಳ ನಡುವೆ ಪ್ಲಾಸ್ಟಿಕ್ ಬಲೆ ಕಟ್ಟಿ, ಅದಕ್ಕೆ ತಾಗಿದ ಮಂಜು ಹನಿಯಾಗಿ ಇಳಿಯುವುದನ್ನು ಕೊಳವೆಯಲ್ಲಿ ತೊಟ್ಟಿಗೆ ತುಂಬಿಸಿಕೊಳ್ಳುತ್ತಾರೆ. ಗಾಳಿಯಲ್ಲಿ ನೀರಿಗೆ ಕೊರತೆ ಇಲ್ಲ, ಅದನ್ನು ಮೇಲಕ್ಕೆತ್ತುವ ಬಿಸಿಯೇ ಇಲ್ಲ.

ಈ ಮುಚ್ಚಳ ಎಲ್ಲಿಯವರೆಗೆ ಗಟ್ಟಿಯಾಗಿ ಕೂತಿರುತ್ತದೋ ಅಲ್ಲಿಯವರೆಗೆ ಮರುಭೂಮಿ. ಕಡಲಿನ ಮೇಲ್ಮೈ ಸುಮಾರು 27 ಡಿಗ್ರಿ ದಾಟಿದರೆ ಮುಚ್ಚಳ ಹಾರುತ್ತದೆ. ಕೆಳಗಿನ ಗಾಳಿ ಹಗುರಾಗಿ ಮೇಲೇಳುತ್ತದೆ, ಎದುರಿಗೆ ಆಂಡಿಸ್ ಸಿಕ್ಕು ಇನ್ನೂ ಮೇಲೇರುತ್ತದೆ, ಮರುಭೂಮಿಯ ಮೇಲೆ ಗುಡುಗು ಮಳೆ ಸುರಿಯುತ್ತದೆ.

ಹೆಸರು ಪೆರುವಿನದು, ಅಳತೆ ಇನ್ನೊಬ್ಬರದು

ಉತ್ತರ ಪೆರುವಿನ ಪಾಯ್ತಾ ಬಂದರಿನ ಬೆಸ್ತರು ಕ್ರಿಸ್‌ಮಸ್ ಹೊತ್ತಿಗೆ ಬರುವ ಬೆಚ್ಚನೆಯ ಪ್ರವಾಹಕ್ಕೆ ಬಾಲಯೇಸುವಿನ ಹೆಸರಿಟ್ಟು ‘ಎಲ್ ನಿನೊ’ ಎನ್ನುತ್ತಿದ್ದರು. ನೌಕಾಪಡೆಯ ಅಧಿಕಾರಿ ಕಮಿಲೊ ಕಾರ್ರಿಯೊ 1892ರಲ್ಲಿ ಲೀಮಾದ ಭೌಗೋಳಿಕ ಸಂಘದ ಮುಂದೆ ಅದನ್ನು ವಿವರಿಸಿದ. ಅಂದರೆ ಹೆಸರು ಹುಟ್ಟಿದಾಗ ಅದು ಶುದ್ಧ ಕರಾವಳಿಯ ವಿಷಯ.

ಕಥೆಯ ಇನ್ನೊಂದು ತುದಿ ಭಾರತದಲ್ಲಿದೆ. 1899–1900ರ ಕ್ಷಾಮದ ನಂತರ, 1904ರಲ್ಲಿ, ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥನಾಗಿ ಬಂದ ಗಣಿತಜ್ಞ ಗಿಲ್ಬರ್ಟ್ ವಾಕರ್ ಮುಂಗಾರಿನ ಮುನ್ಸೂಚನೆ ಹುಡುಕುತ್ತ ಜಗತ್ತಿನ ವಾಯುಒತ್ತಡದ ದಾಖಲೆಗಳನ್ನು ಜಾಲಾಡಿದ. ಪೆಸಿಫಿಕ್‌ನ ಮೂಡಣದಲ್ಲಿ ಒತ್ತಡ ಇಳಿದಾಗ ಹಿಂದೂ ಮಹಾಸಾಗರದ ಕಡೆ ಏರುತ್ತದೆ, ತಕ್ಕಡಿಯ ಹಾಗೆ. ಅದಕ್ಕೆ ದಕ್ಷಿಣದ ಆಂದೋಲನ ಎಂದು ಹೆಸರಿಟ್ಟ. ಪೆರುವಿನ ಬಿಸಿನೀರಿಗೂ ವಾಕರನ ತಕ್ಕಡಿಗೂ ಒಂದೇ ಬೇರು ಎಂದು 1969ರಲ್ಲಿ ತೋರಿಸಿದವನು ಹವಾಮಾನ ವಿಜ್ಞಾನಿ ಯಾಕೋಬ್ ಬ್ಯರ್ಕ್‌ನೆಸ್. ಅಲ್ಲಿಂದ ಮುಂದೆ ಎಲ್ ನಿನೊ ಜಾಗತಿಕ ಪದವಾಯಿತು, ಅದನ್ನು ಅಳೆಯುವ ಜಾಗವೂ ಕರಾವಳಿ ಬಿಟ್ಟು ಸಾಗರದ ನಡುವಿಗೆ ಸರಿಯಿತು.

ನೋವಾ ನೋಡುವುದು ‘ನಿನೊ 3.4’ ಎಂಬ ಚೌಕವನ್ನು: ಸಮಭಾಜಕದ ಎರಡೂ ಬದಿಗೆ 5 ಡಿಗ್ರಿ, ಪಶ್ಚಿಮ ರೇಖಾಂಶ 170ರಿಂದ 120. ಅಲ್ಲಿನ ನೀರು ಸಾಮಾನ್ಯಕ್ಕಿಂತ ಅರ್ಧ ಡಿಗ್ರಿ ಬಿಸಿಯಾಗಿ, ಅದು ಮುಂದುವರಿಯುವ ಲಕ್ಷಣ ಇದ್ದು, ಗಾಳಿಯೂ ಅದಕ್ಕೆ ತಕ್ಕಂತೆ ಬದಲಾದರೆ ಎಲ್ ನಿನೊ. ಮೊದಲು ಹೇಳಿದ ಪೆರುವಿನ ಸರ್ಕಾರಿ ಸಮಿತಿ, ಎನ್‌ಫೆನ್, ನೋಡುವುದು ‘ನಿನೊ 1+2’ ಚೌಕ: ಸಮಭಾಜಕದಿಂದ ದಕ್ಷಿಣಕ್ಕೆ 10 ಡಿಗ್ರಿ, ಪಶ್ಚಿಮ ರೇಖಾಂಶ 90ರಿಂದ 80, ಅಂದರೆ ದೇಶದ ಅಂಗಳಕ್ಕೇ ಅಂಟಿಕೊಂಡ ತುಂಡು. ಎರಡು ಚೌಕಗಳ ನಡುವೆ ಮೂರು ಸಾವಿರ ಕಿ.ಮೀ.ಗೂ ಹೆಚ್ಚಿನ ಕಡಲಿದೆ. ಒಂದು ಕಡೆ ನೀರು ಬಿಸಿಯಾದರೆ ಇನ್ನೊಂದು ಕಡೆಯೂ ಬಿಸಿಯಾಗಲೇಬೇಕೆಂಬ ನಿಯಮ ಇಲ್ಲ.

ಅನುವಾದದ ಗೊಂದಲ ಬೇರೆ. ನೋವಾದ ‘ವಾಚ್’ ಎಂದರೆ ಮುಂದಿನ ಆರು ತಿಂಗಳಲ್ಲಿ ಎಲ್ ನಿನೊ ಬರುವ ಅನುಕೂಲ ಇದೆ ಎಂದಷ್ಟೇ. ‘ಅಡ್ವೈಸರಿ’ ಎಂದರೆ ಬಂದಿದೆ. ಎನ್‌ಫೆನ್‌ನ ‘ವಿಹಿಲಾನ್ಸಿಯಾ’ ಎಂದರೆ ಕಾದು ನೋಡಿ, ‘ಅಲೆರ್ತಾ’ ಎಂದರೆ ಕರಾವಳಿಯಲ್ಲಿ ಅದು ಶುರುವಾಗಿದೆ ಅಥವಾ ಕುದುರುತ್ತಿದೆ. ಕನ್ನಡ ಸುದ್ದಿಯಲ್ಲಿ ಈ ನಾಲ್ಕೂ ‘ಎಚ್ಚರಿಕೆ’ ಆಗಿಬಿಡುತ್ತವೆ.

ಕರಾವಳಿಯ ಘಟನೆಗೂ ಅದೇ ಹೆಸರು ಬಳಸಿದರೆ ಜಗತ್ತಿಗೆ ಗೊಂದಲ ಎಂಬುದು ಆಕ್ಷೇಪ. ಇದಕ್ಕೆ ಪೆರುವಿನವರ ಉತ್ತರ ಸರಳ: ಹೆಸರು ಮೊದಲು ನಮ್ಮದು, ಮುಳುಗುವುದೂ ನಮ್ಮ ಊರುಗಳೇ; ಸಾಗರದ ನಡುವಿನ ಸರಾಸರಿ ನೋಡಿಕೊಂಡು ಕುಳಿತರೆ ಉತ್ತರ ಕರಾವಳಿಯ ಪಿಯೂರಾ ನಗರದ ಜನರನ್ನು ಎಬ್ಬಿಸುವುದು ಯಾರು? 2017ರ ಅನುಭವ ಅವರ ಪರವಾಗಿಯೇ ಇದೆ.

ನಾಲ್ಕು ವರ್ಷಗಳ ತಾಳೆ

ಎರಡು ಚೌಕಗಳು ಎರಡು ಬಗೆಯ ಕೆಲಸ ಮಾಡುತ್ತವೆ ಎನ್ನುವುದಕ್ಕೆ ನಾಲ್ಕು ಘಟನೆ ಸಾಕು.

1997–98ರಲ್ಲಿ ನಡುಸಾಗರ, ಕರಾವಳಿ ಎರಡೂ ಕಾದಿದ್ದವು. ಸಾಮಾನ್ಯ ವರ್ಷ 100 ಮಿ.ಮೀ. ಕೂಡ ಕಾಣದ ಪಿಯೂರಾದಲ್ಲಿ ಸಾವಿರ ಮಿ.ಮೀ. ಮೀರಿ ಮಳೆಯಾಯಿತು. ಸೆಚೂರಾ ಮರುಭೂಮಿಯ ತಗ್ಗಿನಲ್ಲಿ ನೀರು ನಿಂತು, ಟಿಟಿಕಾಕಾ ಬಿಟ್ಟರೆ ಪೆರುವಿನಲ್ಲೇ ದೊಡ್ಡದೆನಿಸಿದ ಸರೋವರ ಕೆಲವು ತಿಂಗಳು ಬಾಳಿತು. ಭಾರತದಲ್ಲಿ ಬರದ ಭಯ ಇತ್ತು. ಆದರೆ 1997ರ ಮುಂಗಾರು ಸರಾಸರಿಯ ಶೇ 102. ಹಿಂದೂ ಮಹಾಸಾಗರದ ಪಡುವಣ ಮತ್ತು ಮೂಡಣ ಬದಿಗಳ ನೀರಿನ ಬಿಸಿಯ ಏರುಪೇರು, ಅಂದರೆ ದ್ವಿಧ್ರುವ ಅಥವಾ ಐಒಡಿ, ಆ ವರ್ಷ ಭಾರತಕ್ಕೆ ಅನುಕೂಲವಾಗಿತ್ತು.

2015ರಲ್ಲಿ ನಡುಸಾಗರ ಜೋರಾಗಿ ಕಾದಿತ್ತು. ಭಾರತದ ಮುಂಗಾರು ಶೇ 86ಕ್ಕೆ ಕುಸಿದು ಬರ ಬಿತ್ತು. ಪೆರುವಿನಲ್ಲಿ 1998ರ ಹಾಗೇ ಆಗಬಹುದೆಂದು ಕಾಲುವೆ ಹೂಳೆತ್ತಿ ಕಾದರೆ 2016ರ ಆರಂಭದಲ್ಲಿ ಅಂಥ ಮಳೆ ಬರಲೇ ಇಲ್ಲ. ಮರುವರ್ಷ ಯಾರೂ ಎದುರು ನೋಡದೆ ಇದ್ದಾಗ ಕರಾವಳಿ ಮಾತ್ರ ಕಾಯಿತು: 2017ರ ಜನವರಿಯಿಂದ ಏಪ್ರಿಲ್‌ವರೆಗೆ ಪ್ರವಾಹ, ನೂರಕ್ಕೂ ಹೆಚ್ಚು ಸಾವು. ಆ ವರ್ಷದ ಭಾರತದ ಮುಂಗಾರು ಶೇ 95, ಬೆಂಗಳೂರಿಗೆ ಅಲ್ಲಿಯವರೆಗಿನ ದಾಖಲೆಯ ಮಳೆ.

2023ರಲ್ಲಿ ಮೊದಲು ಕರಾವಳಿ, ಆಮೇಲೆ ನಡುಸಾಗರ. ನಮ್ಮಲ್ಲಿ ಆಗಸ್ಟ್ ತಿಂಗಳು ಶತಮಾನದಲ್ಲೇ ಒಣ ಆಗಸ್ಟ್ ಆಯಿತು. ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು, ಆಮೇಲೆ ಆ ಸಂಖ್ಯೆ 223ಕ್ಕೆ ಏರಿತು.

ನಡುಸಾಗರದ ನೀರು ಮಾಮೂಲಾಗಿಯೇ 27–28 ಡಿಗ್ರಿ. ಅದಕ್ಕೆ ಇನ್ನೊಂದು ಡಿಗ್ರಿ ಸೇರಿದರೆ ಇಂಡೊನೇಷ್ಯಾ ಕಡೆ ಮೇಲೇಳಬೇಕಾದ ಬೃಹತ್ ಮೋಡರಾಶಿ ಇತ್ತ ಸರಿಯುತ್ತದೆ. ಅದರ ಪರಿಣಾಮವಾಗಿ ಭಾರತದ ಮೇಲೆ ಗಾಳಿ ಕೆಳಗಿಳಿಯುವ ಪ್ರವೃತ್ತಿ ಹೆಚ್ಚಿ ಮುಂಗಾರು ಸೊರಗುತ್ತದೆ. ಪೆರುವಿನ ಅಂಗಳದ ತುಂಡು ಸಣ್ಣದು, ತಂಪಿನದು. ಅದೊಂದೇ ಕಾದರೆ ಇಡೀ ಭೂಗೋಳದ ಗಾಳಿಚಕ್ರ ತಿರುಗಿ ನಿಲ್ಲುವುದಿಲ್ಲ.

ಋತುವನ್ನೂ ನೋಡಬೇಕು. ನಿನೊ 1+2 ಚೌಕ ಮಾರ್ಚ್‌ನಲ್ಲಿ ಸಹಜವಾಗಿಯೇ 26 ಡಿಗ್ರಿ ದಾಟಿರುತ್ತದೆ. ಅದಕ್ಕೆ ಎರಡು ಡಿಗ್ರಿ ಸೇರಿದರೆ 28, ಮುಚ್ಚಳ ಹಾರಿತು. ಸೆಪ್ಟೆಂಬರ್‌ನಲ್ಲಿ ಅದೇ ನೀರು 20–21 ಡಿಗ್ರಿ. ಮೂರು ಡಿಗ್ರಿ ಸೇರಿಸಿದರೂ 24, ಮಳೆ ಇಲ್ಲ. 2023ರ ಮಧ್ಯಭಾಗದಲ್ಲಿ ಪೆರು ಕಡಲು ವಿಪರೀತ ಬಿಸಿಯಾಗಿದ್ದರೂ ಲೀಮಾಕ್ಕೆ ಸಿಕ್ಕಿದ್ದು ಬೆಚ್ಚನೆಯ ಚಳಿಗಾಲವೇ ಹೊರತು ಪ್ರವಾಹವಲ್ಲ. ಅಪಾಯದ ಕಾಲ ಜನವರಿಯಿಂದ ಏಪ್ರಿಲ್. ನಮ್ಮದು ಜೂನ್‌ನಿಂದ ಸೆಪ್ಟೆಂಬರ್. ಹಾಗಾಗಿ ಒಂದೇ ದೊಡ್ಡ ಎಲ್ ನಿನೊ ಮೊದಲು ಮುಂಗಾರಿಗೆ ಹೊಡೆದು, ಮುಂದಿನ ವರ್ಷದ ಆರಂಭದಲ್ಲಿ ಪೆರುವಿಗೆ ಹೊಡೆಯುವುದು ಸಾಮಾನ್ಯ ಕ್ರಮ. 2024ರ ಜನವರಿಯಲ್ಲಿ ಹಾಗೇ ಆಗುತ್ತದೆಂದು ಪೆರು ಸಜ್ಜಾಗಿತ್ತು. ಅಷ್ಟರಲ್ಲಿ ಕರಾವಳಿಯ ಕಡಲು ಬೇಗನೆ ತಣಿದು ದೊಡ್ಡ ಮಳೆ ತಪ್ಪಿತು. ಜನ ‘ಹುಸಿ ಎಚ್ಚರಿಕೆ’ ಎಂದು ಗೊಣಗಿದರು. ಸಂಭವನೀಯತೆಯನ್ನು ಖಚಿತ ಭವಿಷ್ಯ ಎಂದು ಮಾರಿದ ಮಾಧ್ಯಮದ ಪಾಲೂ ಅದರಲ್ಲಿತ್ತು ಎನ್ನಬೇಕು.

ಹದಿನೈದು ಮಿಲಿಮೀಟರ್ ಮಳೆ ಊರು ಕೊಚ್ಚುವುದು ಹೇಗೆ

ಮಲೆನಾಡಿನವರಿಗೆ ನಗು ಬರಬಹುದಾದ ಅಳತೆ ಇದು. ಹತ್ತು ಚದರ ಕಿ.ಮೀ. ಹರವಿನ ಒಂದು ಒಣಹಳ್ಳವನ್ನು ತೆಗೆದುಕೊಳ್ಳೋಣ. ಅದರ ಮೇಲೆ 15 ಮಿ.ಮೀ. ಮಳೆ ಎಂದರೆ 15 ಕೋಟಿ ಲೀಟರ್. ಮೂರನೇ ಎರಡು ಪಾಲು ಇಂಗಿ, ಒಂದು ಪಾಲು ಮಾತ್ರ ಹರಿದರೂ 5 ಕೋಟಿ ಲೀಟರ್. ಹತ್ತು ಸಾವಿರ ಲೀಟರಿನ ಐದು ಸಾವಿರ ಟ್ಯಾಂಕರ್‌ಗಳನ್ನು ಗುಡ್ಡದ ತುದಿಯಿಂದ ಒಮ್ಮೆಗೇ ಬಿಟ್ಟಂತೆ.

ಘಟ್ಟದಲ್ಲಿ ಈ ನೀರನ್ನು ಹಿಡಿಯಲು ಕಾಡು, ಬೇರು, ಎಲೆಗೊಬ್ಬರ ಇವೆ. ಪೆರುವಿನ ಪಡುವಣ ಇಳಿಜಾರು ಬೋಳು. ಹಗಲಿನ ಬಿಸಿ, ರಾತ್ರಿಯ ಚಳಿಗೆ ಬಂಡೆ ಬಿರಿದು ಉದುರಿದ ಕಲ್ಲುಪುಡಿ, ಕೊಚ್ಚಿಕೊಂಡು ಹೋಗುವ ಮಳೆ ಇಲ್ಲದೆ, ವರ್ಷಗಟ್ಟಲೆ ಹಳ್ಳದಲ್ಲೇ ರಾಶಿ ಬಿದ್ದಿರುತ್ತದೆ. ಮಳೆ ಬಂದಾಗ ಮೊದಲ ಹತ್ತು ನಿಮಿಷದ ನೀರು ಆ ರಾಶಿಯನ್ನು ನೆನೆಸಿ ಸಡಿಲಿಸುತ್ತದೆ. ಹಿಂದಿನಿಂದ ಬಂದ ನೀರು ಅದನ್ನೆಲ್ಲ ತಳ್ಳಿಕೊಂಡು ಹೊರಡುತ್ತದೆ. ಹರಿಯುವುದು ನೀರಲ್ಲ, ಕಲಸಿದ ಕಾಂಕ್ರೀಟಿನಷ್ಟು ಗಟ್ಟಿಯಾದ ಕೆಸರು. ಕಾರಿನ ಗಾತ್ರದ ಬಂಡೆಯನ್ನೂ ತೇಲಿಸಿಕೊಂಡು ಬರುವಷ್ಟು ಭಾರ ಅದಕ್ಕಿದೆ. ಕೆಚುವಾ ಭಾಷೆಯಲ್ಲಿ ಕಣಿವೆ ಎಂಬ ಅರ್ಥದ ಪದದಿಂದ ಬಂದ ‘ಹುವಾಯ್ಕೊ’ ಎಂಬ ಹೆಸರು ಇದಕ್ಕೆ. ಕೊಡಗಿನಲ್ಲಿ 2018ರಲ್ಲಿ, ಶಿರೂರಿನಲ್ಲಿ 2024ರಲ್ಲಿ ಕುಸಿದದ್ದು ಭಾರೀ ಮಳೆಗೆ ನೆನೆದು ತೊಯ್ದ ಮಣ್ಣಿನ ಗುಡ್ಡ. ಹುವಾಯ್ಕೊಗೆ ಅಷ್ಟು ಮಳೆ ಬೇಡ, ಬೋಳು ಇಳಿಜಾರಿನ ಮೇಲೆ ಅರ್ಧ ಗಂಟೆಯ ಬಿರುಸು ಸಾಕು.

ಲೀಮಾದಿಂದ ಮೂಡಣಕ್ಕೆ ರೀಮಾಕ್ ನದಿಯ ಕಣಿವೆಯಲ್ಲಿರುವ ಚೊಸಿಕಾ ಊರಿಗೆ 1987ರಲ್ಲೂ 2015ರಲ್ಲೂ ಹುವಾಯ್ಕೊ ನುಗ್ಗಿ ಜನ ಸತ್ತರು. ಆಮೇಲೆ ಅಲ್ಲಿನ ಹಳ್ಳಗಳಿಗೆ ಅಡ್ಡಲಾಗಿ ಉಕ್ಕಿನ ಉಂಗುರಗಳ ಬಲೆ ಕಟ್ಟಿದರು: ಬಂಡೆ ತಡೆದು ನೀರು ಬಿಡುವ ಜರಡಿ. ಒಳ್ಳೆಯ ಉಪಾಯವೇ, ಆದರೆ ಬಲೆ ತುಂಬಿದ ಮೇಲೆ ಯಂತ್ರ ತಂದು ಖಾಲಿ ಮಾಡದಿದ್ದರೆ ಮುಂದಿನ ಹುವಾಯ್ಕೊ ಅದರ ಮೇಲೇ ಹತ್ತಿ ಬರುತ್ತದೆ.

ನಗರಗಳ ಕಟ್ಟಡವೂ ಮಳೆ ಇಲ್ಲವೆಂಬ ನಂಬಿಕೆಯ ಮೇಲೆ ನಿಂತಿದೆ. ಲೀಮಾದ ಮನೆಗಳಿಗೆ ಸಪಾಟು ಚಾವಣಿ. ಹಲವೆಡೆ ನೀರಿಳಿಯುವ ಕೊಳವೆಯೂ ಇಲ್ಲ. ನೂರು ಚದರ ಮೀಟರಿನ ಚಾವಣಿಗೆ 10 ಮಿ.ಮೀ. ಮಳೆ ಬಿದ್ದರೆ ಸಾವಿರ ಲೀಟರ್ ನೀರು, ಒಂದು ಟನ್ ಭಾರ. ಬಡವರ ಮನೆಯ ಮಣ್ಣಿಟ್ಟಿಗೆ ಗೋಡೆ ಅಡಿಯಿಂದ ನೆನೆದು ಕೂರುತ್ತದೆ. ಬೀದಿಗೆ ರಾಜಕಾಲುವೆ ಎಂಬುದೇ ಇಲ್ಲವಾದ್ದರಿಂದ ನೀರು ಬೀದಿಯನ್ನೇ ಕಾಲುವೆ ಮಾಡಿಕೊಳ್ಳುತ್ತದೆ.

2017ರ ಮಾರ್ಚ್‌ನಲ್ಲಿ ಇನ್ನೊಂದು ವಿಪರ್ಯಾಸ ಆಯಿತು. ಪ್ರವಾಹದ ನಡುವೆ ಲೀಮಾದ ನಲ್ಲಿಗಳು ಬತ್ತಿದವು. ನಗರದ ಕುಡಿಯುವ ನೀರಿನ ಮುಖ್ಯ ಮೂಲ ರೀಮಾಕ್ ನದಿ. ಅದರಲ್ಲಿ ಕೆಸರು ಮಿತಿಮೀರಿದಾಗ ಲಾ ಅತಾರ್ಹೆಯಾ ಶುದ್ಧೀಕರಣ ಘಟಕ ನೀರು ತೆಗೆದುಕೊಳ್ಳುವುದನ್ನೇ ನಿಲ್ಲಿಸಬೇಕಾಯಿತು. ಜನ ಬಕೆಟ್ ಹಿಡಿದು ದಿನಗಟ್ಟಲೆ ಸಾಲು ನಿಂತರು. ಮಾಮೂಲಿ ದಿನಗಳಲ್ಲೂ ಆ ನದಿಗೆ ಸ್ವಂತ ನೀರು ಸಾಲದೆ, ಆಂಡಿಸ್ ಆಚೆಯ ಮಾರ್ಕಪೊಮಕೊಚಾ ಸರೋವರಗಳಿಂದ ಬೆಟ್ಟ ಕೊರೆದ ಸುರಂಗದಲ್ಲಿ ನೀರು ತರುತ್ತಾರೆ. ಉತ್ತರದ ಓಲ್ಮೋಸ್‌ನಲ್ಲೂ ಸುಮಾರು 20 ಕಿ.ಮೀ. ಸುರಂಗ ಕೊರೆದು ಅಮೆಜಾನ್ ಕಡೆಯ ನೀರನ್ನು ಮರುಭೂಮಿಯ ಹೊಲಗಳಿಗೆ ತಿರುಗಿಸಿದ್ದಾರೆ. ನಮ್ಮ ಎತ್ತಿನಹೊಳೆ ಯೋಜನೆ ಪಡುವಣದ ನೀರನ್ನು ಮೂಡಣಕ್ಕೆ ಒಯ್ಯುವುದು. ಅಲ್ಲಿ ಮೂಡಣದ್ದನ್ನು ಪಡುವಣಕ್ಕೆ.

ಸಮುದ್ರ ಸೇರದ ನದಿ, ಮುಗಿಯದ ಜಗಳ

2017ರ ಮಾರ್ಚ್ 27ರಂದು ಪಿಯೂರಾ ನದಿ ಉಕ್ಕಿ ಅದೇ ಹೆಸರಿನ ನಗರಕ್ಕೆ ನುಗ್ಗಿತು. ಈ ನದಿಯ ತೊಂದರೆ ವಿಚಿತ್ರ: ಅದು ನೇರವಾಗಿ ಕಡಲು ಸೇರುವುದಿಲ್ಲ. ಕೆಳಹರಿವಿನಲ್ಲಿ ರಾಮೋನ್ ಎಂಬ ತಗ್ಗು ಕೆರೆಯ ಕಡೆ ಹೋಗಿ ಹರಡಿಕೊಳ್ಳುತ್ತದೆ. ಹರಿವು ನಿಧಾನವಾದ ಕಡೆ ಹೂಳು ಕೂರುತ್ತದೆ, ಪಾತ್ರದ ತಳ ಏರುತ್ತದೆ, ಮುಂದಿನ ಪ್ರವಾಹಕ್ಕೆ ಜಾಗ ಕಡಿಮೆಯಾಗುತ್ತದೆ. ದಡಕ್ಕೆ ಒಡ್ಡು ಎತ್ತರಿಸಿದರೆ ಹೂಳೂ ಒಡ್ಡಿನೊಳಗೇ ಕೂತು ತಳ ಇನ್ನೂ ಏರುತ್ತದೆ. ಕೊನೆಗೆ ನದಿ ಊರಿನ ಬೀದಿಗಿಂತ ಮೇಲೆ ಹರಿಯುವ ಸ್ಥಿತಿ.

ಹೂಳಿನ ಲೆಕ್ಕಕ್ಕೆ ಪಕ್ಕದ ಚೀರಾ ನದಿಯ ಪೊಯೆಚೋಸ್ ಜಲಾಶಯ ನೋಡಬಹುದು. 1976ರಲ್ಲಿ ಕಟ್ಟಿದಾಗ ಅದರ ಸಾಮರ್ಥ್ಯ ಸುಮಾರು 88.5 ಕೋಟಿ ಘನ ಮೀಟರ್, ನಮ್ಮ ಭಾಷೆಯಲ್ಲಿ 31 ಟಿಎಂಸಿ. ಅರ್ಧಕ್ಕೂ ಹೆಚ್ಚು ಭಾಗ ಈಗ ಹೂಳು. ತುಂಗಭದ್ರಾ ಅಣೆಕಟ್ಟು 133 ಟಿಎಂಸಿಯಿಂದ 105ಕ್ಕೆ ಇಳಿದದ್ದು ನಮಗೆ ದೊಡ್ಡ ವಿಷಯವಾಗಿದೆ. ಪೊಯೆಚೋಸ್‌ಗೆ 1983 ಮತ್ತು 1998ರ ಎರಡು ಎಲ್ ನಿನೊಗಳೇ ದಶಕಗಳ ಹೂಳನ್ನು ತಂದು ಸುರಿದವು.

2017ರ ನಂತರ ಪೆರು ಸರ್ಕಾರ ಪುನರ್ನಿರ್ಮಾಣಕ್ಕೆಂದೇ ಪ್ರತ್ಯೇಕ ಪ್ರಾಧಿಕಾರ ಮಾಡಿ ಸುಮಾರು 2,500 ಕೋಟಿ ಸೋಲ್‌ಗಳ (ಸೋಲ್ ಎಂಬುದು ಪೆರುವಿನ ನಾಣ್ಯ) ಯೋಜನೆ ಹಾಕಿತು. 2023ರ ಮಾರ್ಚ್‌ನಲ್ಲಿ ‘ಯಾಕು’ ಎಂಬ ಅಪರೂಪದ ಚಂಡಮಾರುತ ಕರಾವಳಿಯ ಆಚೆ ಸುಳಿದಾಗ ಹಲವು ಕಡೆ ಹಳೆಯ ಜಾಗಗಳೇ ಮತ್ತೆ ಮುಳುಗಿದವು. ಹಣ ಎಲ್ಲಿ ಹೋಯಿತು ಎಂಬ ಪ್ರಶ್ನೆ ಎದ್ದದ್ದು ಸಹಜ. ಆದರೆ ನಿಜವಾದ ಭಿನ್ನಾಭಿಪ್ರಾಯ ಹಣದ ಮೇಲಲ್ಲ, ಏನು ಕಟ್ಟಬೇಕು ಎನ್ನುವುದರ ಮೇಲೆ.

ನದಿಗೆ ಒಡ್ಡು, ಮೇಲ್ಹರಿವಿನಲ್ಲಿ ಅಣೆಕಟ್ಟು, ಪಿಯೂರಾ ನದಿಗೆ ಕಡಲವರೆಗೆ ಕೃತಕ ದಾರಿ ಎನ್ನುವವರು ಒಂದು ಕಡೆ. ನಗರ ಈಗಾಗಲೇ ಬೆಳೆದು ನಿಂತಿದೆ, ಲಕ್ಷಾಂತರ ಜನರನ್ನು ಎಬ್ಬಿಸಲು ಆಗದು ಎಂಬುದು ಅವರ ವಾದ. ಕಡಲದಾರಿ ಮಾಡಿದರೆ ಹಕ್ಕಿಗಳ ನೆಲೆಯಾದ ವಿರ್ರಿಲಾ ಅಳಿವೆಗೆ ಕೆಸರು ನುಗ್ಗುವ ಭಯ ಇನ್ನೊಂದು ಕಡೆಯವರಿಗೆ. ನದಿಯಂಚಿನ ‘ಫಾಹಾ ಮಾರ್ಹಿನಾಲ್’ ಪಟ್ಟಿ, ನಮ್ಮ ರಾಜಕಾಲುವೆಯ ಬಫರ್ ಇದ್ದಂತೆ, ಖಾಲಿ ಉಳಿಸಿ ಒಣಹಳ್ಳಗಳನ್ನು ಮನೆಗಳಿಂದ ತೆರವು ಮಾಡಿ ಎನ್ನುತ್ತಾರೆ. ಕಾಗದದ ಮೇಲೆ ಇದೇ ಅಗ್ಗ. ಆದರೆ ಒಣಹಳ್ಳದ ನಿವೇಶನ ಊರಿನಲ್ಲೇ ಅಗ್ಗದ್ದು; ಹತ್ತು ಹದಿನೈದು ವರ್ಷ ಹನಿ ನೀರು ಹರಿಯದ ಜಾಗವನ್ನು ನದಿ ಎಂದು ಬಡವರಿಗೆ ನಂಬಿಸುವುದು ಕಷ್ಟ. ಪ್ರವಾಹದ ಮರುವರ್ಷವೇ ಅಲ್ಲಿ ಮತ್ತೆ ಗೋಡೆ ಏಳುತ್ತದೆ. ಬೆಂಗಳೂರಿನ ಕೆರೆಯಂಗಳದ ಬಡಾವಣೆಗಳನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇಷ್ಟರ ನಡುವೆ ಅದೇ ದೇಶದ ದಕ್ಷಿಣದ ಎತ್ತರದ ಬಯಲು, ಟಿಟಿಕಾಕಾ ಸರೋವರದ ಸುತ್ತ, ಎಲ್ ನಿನೊ ವರ್ಷಗಳಲ್ಲಿ ಹೆಚ್ಚಾಗಿ ಬರಕ್ಕೆ ತುತ್ತಾಗುತ್ತದೆ. 1983ರಲ್ಲಿ ಉತ್ತರ ಮುಳುಗಿದ್ದಾಗ ದಕ್ಷಿಣದ ಆಲೂಗಡ್ಡೆ ಬೆಳೆ ಒಣಗಿತ್ತು. ಒಂದೇ ಸರ್ಕಾರ ಎರಡೂ ಕಡೆ ಪರಿಹಾರ ಕೊಡಬೇಕು.

ಮೀನಿನ ಹಿಟ್ಟಿನಿಂದ ನಮ್ಮ ಕರಾವಳಿಗೆ

ಆಳದ ತಣ್ಣೀರು ಮೇಲೆ ಬರುವಾಗ ಪೋಷಕಾಂಶ ತರುತ್ತದೆ, ಅದರಿಂದ ಸೂಕ್ಷ್ಮ ಪಾಚಿ, ಅದನ್ನು ತಿನ್ನುವ ‘ಅಂಚೊವೆತಾ’ ಎಂಬ ಬೆರಳುದ್ದದ ಮೀನು. ನಮ್ಮ ಬೂತಾಯಿಯ ದೂರದ ನೆಂಟ. ಒಂದೇ ಜಾತಿಯ ಮೀನು ಹಿಡಿಯುವ ಉದ್ಯಮಗಳಲ್ಲಿ ಜಗತ್ತಿನಲ್ಲೇ ದೊಡ್ಡದು ಇದು. ಬಹುಪಾಲು ಜನರ ತಟ್ಟೆಗೆ ಹೋಗುವುದಿಲ್ಲ. ಬೇಯಿಸಿ, ಹಿಂಡಿ, ಒಣಗಿಸಿ ಪುಡಿ ಮಾಡಿ ಸಿಗಡಿ, ಸಾಲ್ಮನ್, ಹಂದಿ ಸಾಕಣೆಯ ಮೇವಿಗೆ ಮಾರುತ್ತಾರೆ. ನಾಲ್ಕೂಚಿಲ್ಲರೆ ಕಿಲೊ ಮೀನಿಗೆ ಒಂದು ಕಿಲೊ ಹಿಟ್ಟು. ಜಗತ್ತಿನ ಮೀನಿನ ಹಿಟ್ಟಿನಲ್ಲಿ ಸುಮಾರು ಐದನೇ ಒಂದು ಪಾಲು ಪೆರುವಿನದು.

ಬೆಚ್ಚನೆಯ ನೀರು ಬಂದಾಗ ಮೇಲೇಳುವ ನೀರಿನಲ್ಲಿ ಸತ್ವ ಇರುವುದಿಲ್ಲ. ಮೀನು ಆಳಕ್ಕೋ ದಕ್ಷಿಣಕ್ಕೋ ಸರಿಯುತ್ತದೆ, ಅಥವಾ ತಣ್ಣೀರು ಉಳಿದಿರುವ ದಡದ ಅಂಚಿಗೆ ಒತ್ತೊತ್ತಾಗಿ ಬಂದು ಸೇರುತ್ತದೆ. ಈ ಕೊನೆಯದು ಮೋಸದ ಸ್ಥಿತಿ: ಬಲೆಗೆ ಸುಲಭವಾಗಿ ಸಿಗುತ್ತದೆ, ಮೀನು ಹೇರಳವಾಗಿದೆ ಎನ್ನಿಸುತ್ತದೆ. 1970ರಲ್ಲಿ 1.2 ಕೋಟಿ ಟನ್ ದಾಟಿದ್ದ ಹಿಡಿತ, ಅತಿಯಾದ ಮೀನುಗಾರಿಕೆ ಮತ್ತು 1972ರ ಎಲ್ ನಿನೊ ಒಟ್ಟಿಗೆ ಬಿದ್ದು 1973ಕ್ಕೆ 20 ಲಕ್ಷ ಟನ್ ಆಸುಪಾಸಿಗೆ ಕುಸಿಯಿತು. ಮೇವಿಗೆ ಬದಲಿಯಾಗಿ ಎಲ್ಲರೂ ಸೋಯಾ ಹುಡುಕಿದರು. ಬೆಲೆ ಏರಿದ ರಭಸಕ್ಕೆ ಅಮೆರಿಕ 1973ರ ಜೂನ್‌ನಲ್ಲಿ ಸೋಯಾ ರಫ್ತನ್ನೇ ಕೆಲಕಾಲ ನಿಲ್ಲಿಸಿತು.

ಈಗಿನ ನಿಯಮ ಬಿಗಿ. ಸಾಗರ ಸಂಶೋಧನಾ ಸಂಸ್ಥೆ ಇಮಾರ್ಪೆ ಋತುವಿಗೆ ಮುಂಚೆ ಹಡಗಿನಿಂದ ಶಬ್ದತರಂಗ ಬಿಟ್ಟು ಮೀನಿನ ರಾಶಿ ಅಂದಾಜು ಮಾಡುತ್ತದೆ. 12 ಸೆಂ.ಮೀ.ಗಿಂತ ಚಿಕ್ಕದು ಮರಿ. ಮರಿಗಳ ಪಾಲು ಮಿತಿ ಮೀರಿದ ಜಾಗವನ್ನು ಮುಚ್ಚುತ್ತಾರೆ. 2023ರ ಜೂನ್‌ನಲ್ಲಿ ಪ್ರಾಯೋಗಿಕವಾಗಿ ಬಲೆ ಹಾಕಿದಾಗ ಹೆಚ್ಚಾಗಿ ಮರಿಗಳೇ ಬಂದವು. ಉತ್ತರ-ಮಧ್ಯ ವಲಯದ ಇಡೀ ಮೊದಲ ಋತುವನ್ನೇ ರದ್ದು ಮಾಡಿದರು. ದೋಣಿ ಮತ್ತು ಕಾರ್ಖಾನೆಯ ಕೆಲಸಗಾರರಿಗೆ ಅದು ತಿಂಗಳುಗಟ್ಟಲೆ ಕೂಲಿ ಇಲ್ಲದ ಕಾಲ. ಆ ವರ್ಷ ಪೆರುವಿನ ಒಟ್ಟು ಆರ್ಥಿಕತೆಯೇ ಅರ್ಧ ಶೇಕಡದಷ್ಟು ಕುಗ್ಗಿತು. ಅದೇ ಬೆಚ್ಚನೆಯ ಚಳಿಗಾಲ ಪಿಯೂರಾದ ಮಾವಿನ ಮರಗಳನ್ನೂ ಕಾಡಿತು: ಹೂ ಬಿಡಲು ಬೇಕಾದ ತಂಪು ಸಿಗದೆ 2023–24ರ ಫಸಲು ಕೈಕೊಟ್ಟಿತು. ಡೆಂಗಿ ಪ್ರಕರಣಗಳು ಎರಡು ಲಕ್ಷ ದಾಟಿದವು. ತಂಪಿನ ಕರಾವಳಿಯಲ್ಲಿ ಹಬ್ಬಲು ಕಷ್ಟಪಡುತ್ತಿದ್ದ ಸೊಳ್ಳೆಗೆ ಬಿಸಿಯೂ ಸಿಕ್ಕಿತು, ನಲ್ಲಿ ಇಲ್ಲದ ಮನೆಗಳ ಡ್ರಮ್ ನೀರೂ ಸಿಕ್ಕಿತು.

ಕರ್ನಾಟಕಕ್ಕೆ ನೇರ ತಂತು ಇಲ್ಲಿದೆ, ಮಳೆಯಲ್ಲಿ ಅಲ್ಲ. ನಮ್ಮ ಕರಾವಳಿಯ ಫಿಶ್‌ಮೀಲ್ ಕಾರ್ಖಾನೆಗಳು ಬೂತಾಯಿ ಮುಂತಾದ ಸಣ್ಣ ಮೀನನ್ನು ಕೊಳ್ಳುತ್ತವೆ. ಪೆರುವಿನ ಋತು ರದ್ದಾಗಿ ಜಗತ್ತಿನಲ್ಲಿ ಹಿಟ್ಟಿನ ಬೆಲೆ ಏರಿದರೆ ಇಲ್ಲಿನ ಕಾರ್ಖಾನೆಗೆ ಮೀನು ಕೊಡುವ ಆಸೆಯೂ ಏರುತ್ತದೆ, ಅದರೊಂದಿಗೆ ಮರಿಮೀನು ಬಾಚುವ ಒತ್ತಡವೂ. ಸಿಗಡಿ ಕೃಷಿಕರಿಗೆ ಮೇವಿನ ಚೀಲದ ದರ ಹೆಚ್ಚುತ್ತದೆ.

ಮುಂದಿನ ಸುದ್ದಿ ಬಂದಾಗ

‘ಪೆರುವಿನಲ್ಲಿ ಎಲ್ ನಿನೊ’ ಎಂಬ ಶೀರ್ಷಿಕೆ ಕಂಡರೆ ಮೊದಲು ನೋಡಬೇಕಾದದ್ದು ಯಾವ ಚೌಕ ಎಂದು. ನಿನೊ 1+2 ಮಾತ್ರವಾಗಿದ್ದರೆ, ತಿಂಗಳು ಡಿಸೆಂಬರ್–ಏಪ್ರಿಲ್ ನಡುವೆ ಆಗಿದ್ದರೆ, ಅದು ಪಿಯೂರಾ, ತ್ರುಹಿಯೊ, ಚೊಸಿಕಾದ ಸುದ್ದಿ. ಮುಂಗಾರಿಗೆ ಅದರಿಂದ ತೀರ್ಮಾನ ತೆಗೆಯಬಾರದು. ಆ ಬಿಸಿ ಪಡುವಣಕ್ಕೆ ಹರಡಿ ಮೇ ಹೊತ್ತಿಗೆ ನಿನೊ 3.4 ಕೂಡ ಅರ್ಧ ಡಿಗ್ರಿ ದಾಟುವಂತಿದ್ದರೆ ಬಿತ್ತನೆಗೆ ಮುಂಚೆ ಯೋಚಿಸಬೇಕಾದ್ದೇ. ಆಗಲೂ ಜೊತೆಯಲ್ಲಿ ಐಒಡಿ ಯಾವ ಕಡೆಗಿದೆ ಎಂದು ಭಾರತೀಯ ಹವಾಮಾನ ಇಲಾಖೆಯ ಮೇ ಕೊನೆಯ ಪರಿಷ್ಕೃತ ಮುನ್ಸೂಚನೆಯಲ್ಲಿ ನೋಡಬೇಕು, 1997 ನೆನಪಿಟ್ಟುಕೊಂಡು. ಮಲ್ಪೆ, ಮಂಗಳೂರಿನ ಮೀನು ವ್ಯಾಪಾರಿಗಳಿಗೆ ಮಾತ್ರ ಕರಾವಳಿಯ ಸಣ್ಣ ಚೌಕವೇ ಮುಖ್ಯ. ಅವರು ಕಾಯಬೇಕಾದದ್ದು ನೋವಾ ಪ್ರಕಟಣೆಗಲ್ಲ. ಸಾಮಾನ್ಯವಾಗಿ ಏಪ್ರಿಲ್‌ನಲ್ಲೊಮ್ಮೆ, ನವೆಂಬರ್ ಹೊತ್ತಿಗೆ ಇನ್ನೊಮ್ಮೆ ಲೀಮಾದಿಂದ ಬರುವ ಅಂಚೊವೆತಾ ಕೋಟಾದ ಪ್ರಕಟಣೆಗೆ.